ಮಲ್ಲಣ್ಣನ ಗಡಿಯಾರ

ನಮ್ಮ ಕಡೆ ಮಾಟ, ಭಾನಾಮತಿಯ ಮಾತು ಬಂದರೆ ಜನ ದನಿ ತಗ್ಗಿಸುತ್ತಾರೆ. ನಾನು ದನಿ ಏರಿಸಿ ನಗುತ್ತಿದ್ದೆ. ಹೆಣ, ಕೊಡಲಿ, ಚಟ್ಟ, ಪೋಸ್ಟ್‌ಮಾರ್ಟಂ ಕೋಣೆ, ಇವುಗಳ ಮೇಲೆಯೇ ವ್ಯಂಗ್ಯಚಿತ್ರ ಬರೆದು ಎರಡು ಸಂಕಲನ ತಂದವನು ನಾನು. ಓದುಗರು ನನ್ನನ್ನು ಕಲ್ಲೆದೆಯವನೆಂದು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಬಂದರೂ ನನಗೆ ತಲೆ ತಿರುಗುತ್ತದೆ. ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಡೆಯುವವಳು ನನ್ನ ಹೆಂಡತಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಸುರಪುರದ ಶಾಲೆಯೊಂದರಲ್ಲಿ ನಾನು ಚಿತ್ರಕಲೆಯ ಮಾಸ್ತರ. ಬರೆಯಲು ಕೂತಾಗ ಮೇಜಿನ ಮೇಲೆ ದಾಡಿ ಮಾಡಿಕೊಳ್ಳುವ ಕನ್ನಡಿ ಇಟ್ಟುಕೊಳ್ಳುವುದು ನನ್ನ ರೂಢಿಯಾಗಿತ್ತು. ಕೊಲೆಗಾರನ ಮುಖ ಬೇಕಾದಾಗ ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಕನ್ನಡಿ ನೋಡಿಕೊಂಡು ಬರೆಯುತ್ತಿದ್ದೆ. ಹಾಗಾಗಿ ನನ್ನ ಸಂಕಲನಗಳಲ್ಲಿ ಕೊಡಲಿ ಹಿಡಿದವರೆಲ್ಲ ನಾನೇ. ಸಾಯುವವರ ಮುಖಗಳನ್ನು ಮಾತ್ರ ಗೆಳೆಯರಿಂದ ಹೇಳದೆ ಕೇಳದೆ ಎರವಲು ತರುತ್ತಿದ್ದೆ.

ಹಾಗೆ ಹೆಚ್ಚು ಸಲ ಸತ್ತವನು ಮಲ್ಲಣ್ಣ. ನನ್ನ ಬಾಲ್ಯದ ಗೆಳೆಯ. ಶಹಾಪುರದ ಆಚೆ ಕಾಲುವೆ ದಂಡೆಗೆ ಅವನ ಹೊಲ. ಮದುವೆಯಲ್ಲಿ ಮಾವ ಕೊಟ್ಟ ಸ್ಟೀಲ್ ಚೈನಿನ ಗಡಿಯಾರವನ್ನು ಅವನು ಎಡಗೈಯಿಂದ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಕೆಸರಿರಲಿ, ಗೊಬ್ಬರವಿರಲಿ, ಅದು ಮಣಿಕಟ್ಟಿನಲ್ಲೇ ಇರಬೇಕು. ಚೇಷ್ಟೆ ಮಾಡಿದರೆ, "ಮಾವನ ಮರ್ಯಾದಿ ಅದ ಲೇ ಮಾಸ್ತರ, ಹೆಂಗ ತೆಗೀಲಿ?" ಎನ್ನುತ್ತಿದ್ದ.

ಆರೇಳು ವರ್ಷಗಳ ಹಿಂದಿನ ಮಾತು. ತೊಗರಿ ಒಕ್ಕುವ ರಾಶಿಯ ದಿನಗಳು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬರೆಯಲು ಕೂತೆ. ಚಿತ್ರದಲ್ಲಿ ರಾಶಿ ಮಷಿನ್ ಒಬ್ಬನ ಎಡ ಅಂಗೈಯನ್ನು ನುಂಗಿದೆ, ಮುಖ ಮಲ್ಲಣ್ಣನದು. ಅವನ ಗೆಳೆಯ, ಅಂದರೆ ನಾನು, ಮೊಣಕೈ ಕೆಳಗೆ ಕೊಡಲಿಯಿಂದ ಕಡಿದು, ತುಂಡು ಕೈಯಿಂದ ಗಡಿಯಾರ ಬಿಚ್ಚಿಕೊಳ್ಳುತ್ತ ಹೇಳುತ್ತಾನೆ: "ಅಳಬ್ಯಾಡ, ಗಡಿಯಾರ ಉಳೀತು." ಕೊಡಲಿಯ ಗೆರೆ ಎಳೆಯುವಾಗ ಅದೇಕೋ ಮೈಯೆಲ್ಲ ಸಿಟ್ಟು ತುಂಬಿಕೊಂಡಿತು. ನಿಬ್ಬು ಕಾಗದವನ್ನು ಹರಿದು ಮೇಜಿಗೆ ನಾಟಿತು. ಪಕ್ಕದಲ್ಲಿ ಚಹಾ ಎರಡು ಸಲ ಬಂದು ಎರಡು ಸಲವೂ ಆರಿಹೋಗಿತ್ತು. ಚಿತ್ರವನ್ನು ಯಾರಿಗೂ ತೋರಿಸದೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಸಂಜೆ ನಾಲ್ಕಕ್ಕೆ ಮಲ್ಲಣ್ಣನ ಹೆಂಡತಿ ನಾಗಮ್ಮನ ಫೋನ್ ಬಂತು. "ಮಾಸ್ತರ್ರ, ಇವರ ಕೈ ಮಷಿನ್ನಾಗ ಹೋಗ್ಯಾದ್ರಿ! ಯಾದಗಿರಿಗಿ ಒಯ್ಯಾಕತ್ತೀವಿ, ಲಗೂನ ಬರ್ರಿ!"

ನಾನು ಆಸ್ಪತ್ರೆ ಮುಟ್ಟಿದಾಗ ಅವನು ಒಳಗಿದ್ದ. ಹೊರಗೆ ನಾಗಮ್ಮನ ಜೊತೆ, ಹೊಲಕ್ಕೆ ಕೂಲಿಗೆ ಬಂದಿದ್ದ ಶರಣಮ್ಮ ಕೂತಿದ್ದಳು. ಸೀರೆಯ ಸೆರಗೆಲ್ಲ ರಕ್ತ. ತೊಗರಿ ಕಟ್ಟಿನೊಂದಿಗೆ ಮಲ್ಲಣ್ಣನ ಎಡಗೈ ಒಳಗೆ ಹೋಯಿತಂತೆ. ಮಷಿನ್ ತಿರುಗಿಸುತ್ತಿದ್ದ ಟ್ರ್ಯಾಕ್ಟರಿನ ಡ್ರೈವರ್ ಅದನ್ನು ಬಂದ್ ಮಾಡುವುದನ್ನೂ ಮರೆತು ಹೆದರಿ ಓಡಿದನಂತೆ. ಮಷಿನ್ ಎಲುಬು ಪುಡಿ ಮಾಡುತ್ತ ಅವನನ್ನು ಇಡಿಯಾಗಿ ಎಳೆದುಕೊಳ್ಳುತ್ತಿತ್ತಂತೆ.

"ನಾ ಕಣ್ಣ ಮುಚ್ಚಿಕೊಂಡೆರಿ. ಕಡಿಯೂ ಸಪ್ಪಳ ಕೇಳ್ತು, ಒಂದ ಏಟು. ಕಣ್ಣ ತೆಗದಾಗ ಯಾರೋ ಕಾಲುವಿ ಮ್ಯಾಲ ಹೋಗಾಕತ್ತಿದ್ರು. ಬೆನ್ನ ಅಷ್ಟ ಕಂಡದ್ದು," ಎಂದಳು ಶರಣಮ್ಮ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ತುಸು ಆಚೆ ಸರಿದು ಕೂತಳು.

ಆ ಏಟು ಬೀಳದಿದ್ದರೆ ಹೆಗಲು ಹೋಗಿ ಜೀವವೂ ಹೋಗುತ್ತಿತ್ತು ಎಂದರು ಡಾಕ್ಟರು. ಆಮೇಲೆ ಮಷಿನ್ ಬಿಚ್ಚಿದಾಗ ಕೈಯ ಚೂರುಗಳು ಸಿಕ್ಕವು. ಗಡಿಯಾರದ್ದು ಒಂದು ಮುಳ್ಳೂ ಸಿಗಲಿಲ್ಲ.

ಮೂರನೆಯ ದಿನ ಮಲ್ಲಣ್ಣ ಮಾತಾಡುವಂತಾದ. ನಾಗಮ್ಮ ಹೊರಗೆ ಹೋಗುವುದನ್ನೇ ಕಾದು, ಉಳಿದ ಕೈಯಿಂದ ನನ್ನ ಅಂಗಿ ಹಿಡಿದೆಳೆದ.

"ನಿನ್ನ ಉಪಕಾರ ಮರೆಯಾಂಗಿಲ್ಲ ಲೇ. ಆದ್ರ ನಿನ್ನ ಮಾರಿ ಹಂಗ ಯಾಕ ಇತ್ತು? ಹಲ್ಲ ಕಚ್ಚಿಕೊಂಡು ಬಂದಿ ನೋಡು, ಮಷಿನ್‌ಕಿಂತ ನಿನಗ ಅಂಜಿದೆ."

ನಾನು ಸುರಪುರದಲ್ಲಿದ್ದೆ, ಬಂದೇ ಇಲ್ಲ ಎಂದೆ. ಅವನು ಆ ನೋವಿನಲ್ಲೂ ನಕ್ಕ.

"ಆತು ಬಿಡು. ಪೊಲೀಸರ ಮುಂದ ನಿನ್ನ ಹೆಸರ ತೆಗೆಯಾಂಗಿಲ್ಲ. 'ಅಳಬ್ಯಾಡ, ಗಡಿಯಾರ ಉಳೀತು' ಅಂದಿಯಲ್ಲ, ಆ ಗಡಿಯಾರ ನಿನ್ನ ಕಡೇನ ಇರ್ಲಿ."

ನಾನು ಜೇಬು ತಡಕಿ ನೋಡಿಕೊಂಡೆ. ಡ್ರಾಯರಿನ ಬೀಗದ ಕೈ ಅಲ್ಲೇ ಇತ್ತು.

ನನಗೆ ನಾನೇ ಬಹಳ ಸಮಜಾಯಿಷಿ ಹೇಳಿಕೊಂಡಿದ್ದೇನೆ. ನನ್ನ ಚಿತ್ರಗಳಲ್ಲಿ ಕೊಡಲಿ ಹಿಡಿದ ನನ್ನ ಮುಖವನ್ನು ಅವನು ನೂರು ಸಲ ನೋಡಿದ್ದ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರೋ ದಾರಿಹೋಕನ ಮೇಲೆ ಆ ಮುಖ ಕಂಡಿರಬೇಕು. ಸರಿ. ಆದರೆ ಆ ಮಾತು? ಅವತ್ತು ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆನಲ್ಲ ಎಂದು ಹೆಂಡತಿಯನ್ನು ಕೇಳಿದೆ. "ಇದ್ರಿ. ಚಾ ಇಟ್ಟಾಗ ಬೆನ್ನ ಅಷ್ಟ ನೋಡೀನಿ," ಎಂದಳು. ಅವಳ ಕಣ್ಣು ತಪ್ಪಿಸಿ ಮನೆಯೆಲ್ಲ ಹುಡುಕಿದೆ, ಜೋಳದ ಡಬ್ಬಿಯಲ್ಲೂ ಕೈಯಾಡಿಸಿದೆ. ಗಡಿಯಾರ ಸಿಗಲಿಲ್ಲ. ಆದರೆ ಆ ವಾರವೆಲ್ಲ ನನ್ನ ಬಲಗೈಯ ರಟ್ಟೆ ನೋಯುತ್ತಿತ್ತು. ನಿಬ್ಬು ಹಿಡಿದವನಿಗೆ ಬೆರಳು ನೋಯುತ್ತದೆ, ರಟ್ಟೆ ನೋಯುವುದಿಲ್ಲ.

ಆ ಚಿತ್ರವನ್ನು ಒಲೆಗೆ ಹಾಕಿದೆ. ಕನ್ನಡಿಯನ್ನು ಗೋಡೆಗೆ ತೂಗುಹಾಕಿದೆ. ಈಗ ಕೊಲೆಗಾರರನ್ನು ಬೆನ್ನ ಕಡೆಯಿಂದಲೇ ಬರೆಯುತ್ತೇನೆ.

ಮಲ್ಲಣ್ಣ ಚೆನ್ನಾಗಿದ್ದಾನೆ. ಶಹಾಪುರದ ಬಸ್‌ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ, ತಲೆಯ ಮೇಲೆ ಅಷ್ಟು ದೊಡ್ಡ ಗಡಿಯಾರವಿದ್ದರೂ, ಖಾಲಿ ತೋಳು ಆಡಿಸುತ್ತ ಬಂದು ಕಣ್ಣು ಮಿಟುಕಿಸಿ ನನ್ನನ್ನೇ ಕೇಳುತ್ತಾನೆ: "ಟೈಮ್ ಎಷ್ಟಾತೋ ಮಾಸ್ತರ?"

ನಾನು ಜೀವಮಾನದಲ್ಲಿ ಗಡಿಯಾರ ಕಟ್ಟಿದವನಲ್ಲ. ಆದರೂ ಪ್ರತಿ ಸಲ ಮಣಿಕಟ್ಟು ನೋಡಿಕೊಳ್ಳುತ್ತೇನೆ.