ಒಡಕು ಪರಸಿ ಯಾರದು?

ಸಾಲದಲ್ಲಿ ಬಿದ್ದವರು ಯಾರಾದರೂ ವಾಡಿ ಸ್ಟೇಷನ್ನಿನ ಹತ್ತಿರದ ನನ್ನ ಕಲ್ಲಿನ ಅಂಗಡಿಗೆ ಬಂದು ಕುಂತರೆ, ನಾನು ಮೊದಲು ಅವರ ಗಳಿಕೆ ಕೇಳುವುದಿಲ್ಲ. ರೊಕ್ಕ ತೆತ್ತು, ತಂದುಕೊಳ್ಳದೆ ಅಲ್ಲೇ ಬಿಟ್ಟು ಬಂದದ್ದು ಏನಾದರೂ ಇದೆಯೇ ಎಂದು ಕೇಳುತ್ತೇನೆ. ಅವರಿಗೆ ಇದು ಹುಚ್ಚು ಪ್ರಶ್ನೆ ಅನ್ನಿಸುತ್ತದೆ. ಕೆಲವರು ಚಹಾ ಮುಗಿಸಿ ಎದ್ದು ಹೋಗಿದ್ದೂ ಉಂಟು. ಹೋಗಲಿ. ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಶಹಾಬಾದಿನ ಕಲ್ಲಿನ ಖಣಿ ಮತ್ತು ನನ್ನ ಹೆಂಡತಿಯ ಬಾಯಿ. ಎರಡೂ ಗಟ್ಟಿ.

ಪೋಲೀಸ್ ಆ್ಯಕ್ಷನ್ ಆದ ಮರುವರ್ಷ ನನ್ನ ಮದುವೆಯಾಯಿತು. ಹೆಣ್ಣು ಚಿಂಚೋಳಿ ಕಡೆಯ ಕೊಡ್ಲಿಯವಳು. ಮದುವೆಯ ಖರ್ಚಿಗೆಂದು ನಾನು ಕೆಲಸ ಮಾಡುತ್ತಿದ್ದ ಖಣಿಯ ಗುತ್ತೇದಾರನ ಹತ್ತಿರ ಮುನ್ನೂರು ರೂಪಾಯಿ ಮುಂಗಡ ತೆಗೆದುಕೊಂಡೆ. ಹಾಲಿ ರೂಪಾಯಿ, ನಿಜಾಮರ ನಾಣ್ಯ ಇನ್ನೂ ಚಲಾವಣೆಯಲ್ಲಿತ್ತು. ಮುಂಗಡ ಅಂದರೆ ಸಾಲವೇ, ಹೆಸರು ಮಾತ್ರ ಮೆತ್ತಗೆ. ಬಡ್ಡಿ ಇಲ್ಲ ನೋಡು ಎಂದು ಗುತ್ತೇದಾರ ಎದೆ ತಟ್ಟಿ ಹೇಳುತ್ತಿದ್ದ. ಬಡ್ಡಿ ಇರಲಿಲ್ಲ, ಖರೆ. ಆದರೆ ಅದು ತೀರುವ ತನಕ ಬೇರೆ ಖಣಿಗೆ ಹೋಗುವಂತಿಲ್ಲ, ಅವನು ಹೇಳಿದ ಕೂಲಿಗೆ ಎದುರು ಮಾತಾಡುವಂತಿಲ್ಲ. ಬಡ್ಡಿ ಕೊಟ್ಟಿದ್ದರೇ ಸೋವಿ ಬೀಳುತ್ತಿತ್ತೇನೋ.

ನಮ್ಮ ಓಣಿಯವರೆಲ್ಲ ಖಣಿಯವರೇ. ಗಂಡಸು ಕಲ್ಲು ಸೀಳಬೇಕು, ಹೆಂಗಸು ಚೂರನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕಬೇಕು. ಇಬ್ಬರೂ ಬಂದರೆ ಜೋಡಿ ಎನ್ನುತ್ತಿದ್ದರು, ಎತ್ತಿಗೆ ಅಂದ ಹಾಗೆ. ಜೋಡಿಗೆ ಇನ್ನೂ ನೂರು ಮುಂಗಡ ಸಿಗುತ್ತಿತ್ತು. ಮದುವೆಯಾಗಿ ಎರಡು ತಿಂಗಳಿಗೇ ಗುತ್ತೇದಾರ ನನ್ನನ್ನು ಕರೆದು, ಹೆಂಡತಿಯನ್ನೂ ಕರೆದುಕೊಂಡು ಬಾ, ನೂರು ಒಯ್ಯಿ, ಇಬ್ಬರು ದುಡಿದರೆ ಬೇಗ ತೀರುತ್ತದೆ ಎಂದ. ನನ್ನ ಎಡಬಲಕ್ಕೆ ಉಳಿ ಹಿಡಿದು ಕುಂತವರೆಲ್ಲ ಹಾಗೆ ತೀರಿಸಲು ಹೊರಟವರೇ. ಒಬ್ಬನದೂ ತೀರಿರಲಿಲ್ಲ. ನಮ್ಮವ್ವ ಆ ಬುಟ್ಟಿ ಹೊತ್ತೇ ಸೊಂಟ ಕಳೆದುಕೊಂಡವಳು. ಕಡೆಗಾಲದಲ್ಲಿ ಗೋಡೆ ಹಿಡಿದು ಏಳುತ್ತಿದ್ದಳು. ಹೆಂಡತಿಯನ್ನು ಆ ತಗ್ಗಿಗೆ ಇಳಿಸದೆ ಮುನ್ನೂರು ತೀರಿಸಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಗುತ್ತೇದಾರನಿಗೆ ಮಾತ್ರ, ನೋಡ್ತೀನ್ರಿ ಅಂದೆ. ಇಲ್ಲ ಅನ್ನಲು ಶಕ್ತಿ ಇಲ್ಲದವನು ನೋಡ್ತೀನಿ ಅನ್ನಬೇಕು. ಅಷ್ಟಕ್ಕೇ ನಾಲ್ಕು ತಿಂಗಳು ಸಿಗುತ್ತವೆ.

ಶಹಾಬಾದಿನ ಕಲ್ಲು ನೆಲದೊಳಗೆ ರೊಟ್ಟಿ ಪೇರಿಸಿಟ್ಟ ಹಾಗೆ ಪದರು ಪದರಾಗಿ ಮಲಗಿರುತ್ತದೆ. ಸಂದಿಗೆ ಉಳಿ ಇಟ್ಟು, ಸುತ್ತಿಗೆಯಿಂದ ಸಣ್ಣಗೆ ಬಡಿಯುತ್ತ ಉದ್ದಕ್ಕೂ ಹೋಗಬೇಕು. ಅವಸರ ಮಾಡಿದರೆ ಅಡ್ಡ ಸೀಳುತ್ತದೆ. ಎಷ್ಟು ಹುಷಾರಿದ್ದರೂ ಒಳಗೆ ಕಾಣದ ಬಿರುಕು ಇದ್ದರೆ ಒಡೆಯುವುದೇ. ಇಡಿಯಾಗಿ ಎದ್ದ ಪರಸಿಗೆ, ಅಂದರೆ ಹಾಸುಗಲ್ಲಿಗೆ, ಕೂಲಿ. ಒಡೆದರೆ, ತಪ್ಪು ಯಾರದೇ ಇರಲಿ, ಪರಸಿಗೆ ಎಂಟಾಣೆ ಕಡಿತ. ವಾರದ ಬಟವಾಡೆಯ ದಿನ ಖಣಿಯ ಲೆಕ್ಕ ಇಡುವ ಮುನಶಿ ಸಾಬರು ಉರ್ದುವಿನಲ್ಲಿ ಬರೆದದ್ದನ್ನು ನಮಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದರು: ಇಡಿ ಇಷ್ಟು, ಒಡಕು ಇಷ್ಟು, ಮುಂಗಡಕ್ಕೆ ಮುರಕೊಂಡದ್ದು ಇಷ್ಟು. ನಾವು ತಲೆ ಅಲ್ಲಾಡಿಸಿ, ಉಳಿದದ್ದನ್ನು ಸೆರಗಿಗೋ ಧೋತರದ ಚುಂಗಿಗೋ ಕಟ್ಟಿಕೊಂಡು ಬರುತ್ತಿದ್ದೆವು.

ಒಂದು ವಾರ ಆರು ಪರಸಿ ಒಡೆದವು. ಮೂರು ರೂಪಾಯಿ ಹೋಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

"ಆ ಆರು ಕಲ್ಲು ಎಲ್ಲಿ ಅದಾವ್ರಿ?"

ಖಣಿಯ ಬಾಜೂಕಿನ ಗುಡ್ಡೆಯಲ್ಲಿ ಬಿದ್ದಿವೆ ಅಂದೆ.

"ಕುಂಬಾರನ ಗಡಗಿ ಒಡದು ರೊಕ್ಕ ಕೊಟ್ಟ ಮ್ಯಾಲ ಬೋಕಿ ಯಾರದ್ರಿ?"

"ಬೋಕಿ ಒಯ್ದು ಏನ್ ಮಾಡ್ತಿ?"

"ಒಯ್ಯೋದು ಬಿಡೋದು ಆಮ್ಯಾಲಿನ ಮಾತು. ಯಾರದು ಅಂತ ಕೇಳಿದೆ."

ನಾನು ಹುಟ್ಟಿದಂದಿನಿಂದ ಆ ಗುಡ್ಡೆ ನೋಡಿದ್ದೆ. ನಮ್ಮಪ್ಪನೂ ಅದಕ್ಕೆ ಎಂಟಾಣೆ ಎಂಟಾಣೆಯಾಗಿ ತೆತ್ತವನೇ. ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕಡಿತವನ್ನು ನಾವು ದಂಡ ಎಂದು ತಿಳಿದಿದ್ದೆವು. ಅದು ಕ್ರಯವೂ ಆಗಬಹುದು ಎಂದು ಹೊರಗಿನಿಂದ ಬಂದವಳೇ ಹೇಳಬೇಕಾಯಿತು.

ಮರುವಾರದ ಬಟವಾಡೆಯ ತನಕ ಕಾದೆ. ಗುತ್ತೇದಾರ ಹತ್ತು ಮಂದಿಯ ನಡುವೆ ಕುಂತು ನಗುತ್ತಿದ್ದಾಗ, ಮುನಶಿ ಸಾಬರು ನನ್ನ ಒಡಕು ಓದಿದ ಕೂಡಲೆ, ರೊಕ್ಕ ನಾ ಕೊಟ್ಟ ಮೇಲೆ ಕಲ್ಲು ನಾ ಒಯ್ಯಬಹುದಲ್ಲರೀ ಎಂದು ಕೇಳಿದೆ. ಮಂದಿ ನಕ್ಕರು. ಗುತ್ತೇದಾರನೂ ನಕ್ಕ. ಆ ಗುಡ್ಡೆ ಅವನಿಗೆ ಜಾಗ ತಿನ್ನುವ ಕಸ. ಒಯ್ಯಪ್ಪ, ಮನಿ ಮುಂದ ಕೋಟೆ ಕಟ್ಟಿಕೋ ಎಂದ. ಮುನಶಿ ಸಾಬರ ಕಡೆ ತಿರುಗಿ, ಹಂಗೇ ಒಂದು ಚೀಟಿ ಬರೆದು ಕೊಡ್ರಿ ಅಂದೆ. ನಗುತ್ತಲೇ ಬರೆದು ಕೊಟ್ಟರು, ನಗುತ್ತಲೇ ಗುತ್ತೇದಾರ ಸಹಿ ಮಾಡಿದ. ಇದನ್ನು ನೆನಪಿಡಿ: ದೊಡ್ಡವರಿಂದ ಕಾಗದ ಬೇಕಿದ್ದರೆ ಅವರು ನಗುವಾಗ ಕೇಳಬೇಕು. ಸಿಟ್ಟಿನಲ್ಲಿದ್ದಾಗ ಕೇಳಿದರೆ ಅವರು ಕಾಗದವನ್ನು ಓದುತ್ತಾರೆ.

ಕಲ್ಲು ಬಂತು, ಗಿರಾಕಿ ಬರಲಿಲ್ಲ. ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಚಿತ್ತಾಪುರದ ಸಂತೆಗೆ ಒಯ್ದೆ. ಸಂಜೆಯ ತನಕ ಕುಂತರೂ ಒಂದೂ ಹೋಗಲಿಲ್ಲ. ಒಬ್ಬ ಮುದುಕ ಬಂದು ಬೀಡಿ ಹಚ್ಚಿ, ನನ್ನ ಪರಸಿಯ ಮೇಲೆಯೇ ಕುಂತು, ತಮ್ಮಾ, ನಮ್ಮ ಮನಿ ಗ್ವಾಡಿ, ಛತ್ತು, ನೆಲ ಎಲ್ಲಾ ಇದನ, ನಾಳಿಂದ ಗಾಳಿ ತಂದು ಮಾರು ಎಂದ. ಗಾಡಿ ಬಾಡಿಗೆ ಮೈಮೇಲೆ ಬಂತು. ಕಲ್ಲಿನ ಸೀಮೆಯಲ್ಲಿ ಕಲ್ಲು ಮಾರಲು ಹೋದವ ಎಂದು ಓಣಿಯಲ್ಲಿ ಹೆಸರೂ ಬಂತು.

ಹೆಂಡತಿ ನಗಲಿಲ್ಲ. ಅವಳ ಸೋದರಮಾವ ಕೊಡ್ಲಿಯಿಂದ ತಿಂಗಳಿಗೊಮ್ಮೆ ಗಾಡಿಯಲ್ಲಿ ತೊಗರಿ ತಂದು ಶಹಾಬಾದಿನಲ್ಲಿ ಮಾರಿ ಖಾಲಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ. ಅವರ ಕಡೆ ಎರೆನೆಲ, ಕಲ್ಲಿಲ್ಲ. ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದರು. ಹಗೇವಿನ ಬಾಯಿಗೆ ಕಟ್ಟಿಗೆಯ ಹಲಗೆ ಮುಚ್ಚಿ ಮೇಲೆ ಮಣ್ಣು ಎಳೆಯುವುದು ರೂಢಿ. ಹಲಗೆಯನ್ನು ಗೆದ್ದಲು ತಿನ್ನುತ್ತಿತ್ತು, ಮಳೆಯ ನೀರು ಇಳಿದು ಜೋಳ ಮುಗ್ಗುತ್ತಿತ್ತು. ಬಾಯಿ ಇರುವುದು ಒಬ್ಬ ಮನುಷ್ಯ ಇಳಿಯುವಷ್ಟು. ಅದಕ್ಕೆ ಇಡೀ ಪರಸಿ ಯಾಕೆ? ನಮ್ಮ ಒಡಕು ಸಾಕು, ಅಂಚು ತಟ್ಟಿ ದುಂಡಗೆ ಮಾಡಿದರೆ ಎಂದಳು.

ಮಾವನ ಖಾಲಿ ಗಾಡಿಯಲ್ಲಿ ಹತ್ತು ಕಲ್ಲು ಏರಿಸಿ ಅವಳೂ ತವರಿಗೆ ಹೋದಳು. ಎರಡು ದಿನದ ಹಾದಿ. ಹತ್ತೂ ಕೊಟ್ಟು ಬಂದಳು, ಆದರೆ ಕೈಯಲ್ಲಿ ಒಂದು ಪೈಸೆ ಇಲ್ಲ. ಎಲ್ಲಾ ಉದ್ದರಿ. ರಾಶಿ ಆದ ಮೇಲೆ ಜೋಳ ಕೊಡುತ್ತಾರಂತೆ, ಒಂದು ಮುಚ್ಚಳಕ್ಕೆ ಎರಡು ರೂಪಾಯಿಯ ಜೋಳ. ನಾನು ಸಿಡಿಮಿಡಿಗೊಂಡೆ. ಸಾಲಗಾರ ಊರಿಗೆಲ್ಲ ಸಾಲ ಕೊಟ್ಟ ಹಾಗಾಯಿತಲ್ಲ ಎಂದೆ. ಅವರು ನನ್ನ ಮಂದಿ, ಕೊಡ್ತಾರ, ಸುಮ್ಮನಿರ್ರಿ ಎಂದಳು. ರಾಶಿ ಮುಗಿದ ಮೇಲೆ ಜೋಳ ಬಂತು. ಅಂಗಡಿಯ ದರಕ್ಕಿಂತ ಒಂದಾಣೆ ಕಡಿಮೆಗೆ ಓಣಿಯವರಿಗೆ ಸೇರಿನ ಲೆಕ್ಕದಲ್ಲಿ ಮಾರಿದೆವು. ಹಾಗೆ ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಕೂಲಿಯಲ್ಲಿ ಮುರಿದದ್ದೂ ಸೇರಿ, ಮುನ್ನೂರರ ಸಾಲ ತೊಂಬತ್ತಕ್ಕೆ ಇಳಿದಿತ್ತು.

ಮೂರನೆಯ ವರ್ಷ ನಾನು ತಪ್ಪು ಮಾಡಿದೆ. ಕೊಡ್ಲಿಯ ಸುತ್ತಲಿನ ಊರುಗಳಿಂದಲೂ ಮುಚ್ಚಳ ಕೇಳಿಕೊಂಡು ಬಂದರು, ಅಳತೆಯ ದಾರ ಕೈಯಲ್ಲಿ ಹಿಡಿದು. ಗುಡ್ಡೆಯಲ್ಲಿ ಅಷ್ಟು ಅಗಲದ ಒಡಕು ಇರಲಿಲ್ಲ. ಇಡೀ ಪರಸಿಯ ಬೆಲೆ ಮೂರು ರೂಪಾಯಿ, ಒಡೆದರೆ ಎಂಟಾಣೆ. ಕೈಯಲ್ಲಿ ಉಳಿ ಇತ್ತು, ಸುತ್ತಿಗೆ ಇತ್ತು. ಹೆಚ್ಚಿಗೆ ಹೇಳುವುದೇನಿದೆ. ಒಂದು ಒಡೆದೆ. ಆ ವಾರ ಏನೂ ಆಗಲಿಲ್ಲ. ಮತ್ತೆ ಮೂರು ಒಡೆದೆ.

ಮುನಶಿ ಸಾಬರು ಮಾತ್ರ ಬಟವಾಡೆಯ ಹೊತ್ತಿಗೆ ನನ್ನನ್ನು ಹಿಂದಕ್ಕೆ ನಿಲ್ಲಿಸಿಕೊಂಡರು. ಖಣಿಯಲ್ಲೇ ನನ್ನ ಒಡಕು ಕಡಿಮೆ ಎಂದು ಅವರಿಗೆ ಗೊತ್ತಿತ್ತು.

"ಬೇಟಾ, ಕೈ ಕೆಟ್ಟದ ಏನ್ ನಿಯತ್ತು ಕೆಟ್ಟದ? ಕೈ ಕೆಟ್ಟಿದ್ರ ಹಕೀಮ ಇದ್ದಾನ."

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಯಾಕೆ ಹೇಳಿದೆನೋ. ಅವಳು ಅಂದದ್ದು ಒಂದೇ ಮಾತು: "ನನ್ನ ತವರಿನ ಜೋಳದ ಮ್ಯಾಲ ಕಳವಿನ ಕಲ್ಲು ಹೊಚ್ಚಿಸಿದ್ರಿ."

ಆ ಹೊತ್ತಿಗೆ ಓಣಿಯ ಬೇರೆ ನಾಲ್ವರೂ ತಮ್ಮ ಒಡಕನ್ನು ಕೇಳಿ ಒಯ್ಯಲು ಸುರು ಮಾಡಿದ್ದರು. ಗುಡ್ಡೆ ಕರಗುವುದನ್ನು ಗುತ್ತೇದಾರ ನೋಡಿದ, ಕೊಡ್ಲಿಯ ಸುದ್ದಿಯೂ ಅವನ ಕಿವಿಗೆ ಬಿತ್ತು. ಇನ್ನು ಮೇಲೆ ಒಂದು ಚೂರೂ ಯಾರೂ ಮುಟ್ಟಕೂಡದು ಎಂದು ಹೇಳಿದ. ನನಗೆ ಬೇರೆಯದೇ ಹುಕುಂ: ಉಗಾದಿಗೆ ತೊಂಬತ್ತು ಒಮ್ಮೆಲೆ ಇಡು, ಇಲ್ಲದಿದ್ದರೆ ಹಬ್ಬದ ಮರುದಿನದಿಂದ ಹೆಂಡತಿ ಬುಟ್ಟಿ ಹಿಡಿಯಲಿ. ಕೊಡ್ಲಿಗೆ ಏರಿಸಬೇಕಿದ್ದ ಮೂವತ್ತು ಕಲ್ಲು ಗುಡ್ಡೆಯಲ್ಲೇ ಸಿಕ್ಕಿಬಿದ್ದವು. ಅವು ಹೋಗದಿದ್ದರೆ ಜೋಳವಿಲ್ಲ, ಜೋಳವಿಲ್ಲದಿದ್ದರೆ ತೊಂಬತ್ತಿಲ್ಲ. ಓಣಿಯ ನಾಲ್ವರು ನನ್ನ ಮುಖ ನೋಡದೆ ಹಾಯುತ್ತಿದ್ದರು.

ಚೀಟಿ ನನ್ನ ಹತ್ತಿರ ಇತ್ತು. ಜಗಳ ತೆಗೆಯಬಹುದಿತ್ತು. ಎರಡು ದಿನ ಯೋಚಿಸಿ ಗುತ್ತೇದಾರನ ಮುಂದೆ ಹೋಗಿ ನಿಂತೆ. ಮುನಶಿ ಸಾಬರು ಬಾಜೂಕೆ ಬರೆಯುತ್ತ ಕುಂತಿದ್ದರು.

"ಚೀಟಿ ತೋರ್ಸಾಕ ಬಂದಿ ಏನು?" ಎಂದ ಗುತ್ತೇದಾರ.

"ಚೀಟಿ ಅದರಿ. ಅದಕ್ಕೂ ಮೊದಲು ಒಂದು ಮಾತು ಅದ. ನಾಕು ಪರಸಿ ನಾನ ಬೇಕಂತ ಒಡದೀನ್ರಿ. ಅವಕ್ಕ ಪೂರಾ ರೇಟು ಹಚ್ರಿ."

ಮುನಶಿ ಸಾಬರ ಕೈ ನಿಂತಿತು.

"ನೀ ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ," ಎಂದ ಗುತ್ತೇದಾರ.

"ಹೌದ್ರಿ."

"ಮತ್ಯಾಕ ಹೇಳ್ದಿ?"

"ಆ ನಾಕು ನಿಮ್ಮವ್ರಿ. ಅವನ್ನ ಬ್ಯಾರೆ ಮಾಡಿ ಹೇಳಿದ್ರನ ಉಳದವು ನನ್ನವು ಆಗ್ತಾವು."

ನಾನು ಸಾಧು ಆಗಿದ್ದೆ ಎಂದು ತಿಳಿಯಬೇಡಿ. ಹೆಂಡತಿಯ ಮಾತು ಚುಚ್ಚುತ್ತಿತ್ತು, ಅದು ಖರೆ. ಆದರೆ ಚೌಕಾಸಿಗೂ ಇಳಿದಿದ್ದೆ. ನನ್ನ ಕೈಯಲ್ಲಿ ಒಂದು ಸುಳ್ಳು ಇರುವ ತನಕ ಆ ಚೀಟಿಯನ್ನು ಎತ್ತಿ ಹಿಡಿಯುವ ಧೈರ್ಯ ನನಗಿರಲಿಲ್ಲ. ಗುತ್ತೇದಾರ ಕಳ್ಳ ಎಂದ, ಬೈದ, ಚಹಾ ತರಿಸಿ ಒಬ್ಬನೇ ಕುಡಿದ. ಕಡೆಗೆ, ಅವನೂ ವ್ಯಾಪಾರಸ್ಥನೇ, ಲೆಕ್ಕಕ್ಕೆ ಇಳಿದು ನನ್ನ ಮೂವತ್ತು ಕಲ್ಲು ಬಿಟ್ಟ. ಆಗಲೇ ಕಡಿತವಾಗಿದ್ದ ಎರಡು ರೂಪಾಯಿ ಬಿಟ್ಟು ನಾಲ್ಕು ಪರಸಿಗೆ ಹತ್ತು ರೂಪಾಯಿ ಮೇಲೆ ಬಿತ್ತು; ತೊಂಬತ್ತು ನೂರಾಯಿತು. ಇನ್ನು ಮುಂದೆ ಒಡಕನ್ನು ಮುನಶಿ ನೋಡಿ, ಸುಣ್ಣದ ಗುರುತು ಹಾಕಿದ ಮೇಲೆಯೇ ಒಯ್ಯಬೇಕು, ನಾನಷ್ಟೇ ಅಲ್ಲ, ಎಲ್ಲರೂ. ಉಗಾದಿಯ ಗಡುವು ಮಾತ್ರ ಸಡಿಲಾಗಲಿಲ್ಲ.

ಮೂವತ್ತು ಕಲ್ಲು ಎರಡು ಗಾಡಿಯಲ್ಲಿ ಹೋದವು. ಅವಳು ಈ ಸಲ ಉದ್ದರಿ ಕೊಡಲಿಲ್ಲ. ಕಣದಲ್ಲೇ ನಿಂತು, ರಾಶಿಯಿಂದ ನೇರ ಅಳೆಸಿಕೊಂಡಳು. ಹಳೆಯ ಬಾಕಿಯನ್ನೂ ಬಿಡಲಿಲ್ಲ. ಅವಳ ಸ್ವಂತ ದೊಡ್ಡಪ್ಪನೇ, ಮಗಳ ನೀನೂ ಸಾವ್ಕಾರ್ತಿ ಆದಿ ಎಂದು ಹಂಗಿಸಿದನಂತೆ. ಆಗಾಕತ್ತೀನಿ ದೊಡ್ಡಪ್ಪ, ಇನ್ನೂ ಆಗಿಲ್ಲ ಎಂದಳಂತೆ. ಉಗಾದಿಗೆ ಮೂರು ದಿನ ಇರುವಾಗ ಜೋಳದ ಕಡೆಯ ಚೀಲ ಬಿಚ್ಚಿ ಮಾರಿದೆವು.

ನೂರು ರೂಪಾಯಿ ಇಟ್ಟಾಗ ಮುನಶಿ ಸಾಬರು ಎರಡು ಸಲ ಎಣಿಸಿ, ನನ್ನ ಹೆಸರಿನ ಮೇಲೆ ಗೀಟು ಎಳೆದರು. ಅದೇ ಉಸಿರಿನಲ್ಲಿ ಗುತ್ತೇದಾರ ನೋಟು ಮುಂದೆ ಹಿಡಿದ. ನಿಜಕ್ಕೂ ಪ್ರೀತಿಯಿಂದಲೇ ಹಿಡಿದ, ಅದೇ ಅಪಾಯ. ಹಬ್ಬ ಅದ, ಮನೀಗಿ ಅರಿವಿ ಒಯ್ಯಿ, ಇನ್ನೂರು ಇರಲಿ ಎಂದ. ನಮ್ಮ ಮನೆಯಲ್ಲಿ ಹೊಸ ಬಟ್ಟೆ ಬಂದು ಮೂರು ವರ್ಷವಾಗಿತ್ತು. ಸಾಲ ತೀರಿಸಿದವರೆಲ್ಲ ಮತ್ತೆ ಬೀಳುವುದು ಆ ಹೊತ್ತಿನಲ್ಲೇ, ಕೈ ಖಾಲಿ, ಮನಸ್ಸು ಹಗುರ, ಎದುರಿಗೆ ನೋಟು. ನನ್ನ ಕೈಯೂ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡು ಶರಣ್ರಿ ಎಂದೆ. ಬೇವು ಬೆಲ್ಲ ಹಳೆಯ ಬಟ್ಟೆಯಲ್ಲೇ ತಿಂದೆವು.

ಹಬ್ಬದ ಮರುದಿನ ಅದೇ ಖಣಿಗೆ ಹೋದೆ, ಬೇರೆ ಕೆಲಸ ಇನ್ನೂ ಇರಲಿಲ್ಲ. ಬಿಸಿಲು ತಲೆಗೆ ಬಂದಾಗ ಉಳಿಯನ್ನು ಒರೆಸಿ, ಇವತ್ತಿಗೆ ಎದ್ದಷ್ಟು ಪರಸಿಯ ಕೂಲಿ ಸಾಕು ಎಂದು ಮುನಶಿ ಸಾಬರಿಗೆ ಹೇಳಿ, ಮೇಲಕ್ಕೆ ಹತ್ತಿ ಬಂದೆ. ಈಗ ನಾನು ಯಾರ ಮುಂಗಡದವನೂ ಅಲ್ಲ, ಯಾರೂ ಕೂಗಿ ಕರೆಯಲಿಲ್ಲ. ಆ ಹೊತ್ತಿನಲ್ಲಿ ನಮ್ಮ ಓಣಿ ಹೇಗಿರುತ್ತದೆ ಎಂದು ನಾನು ಅದುವರೆಗೆ ನೋಡಿರಲಿಲ್ಲ. ನಾಯಿಗಳು ನೆರಳಿನಲ್ಲಿ ಮಲಗಿದ್ದವು. ಹೆಂಡತಿ ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾಗಿ, ಮೈಯಾಗ ಆರಾಮಿಲ್ಲೇನ್ರಿ ಎಂದು ಹಣೆ ಮುಟ್ಟಿದಳು.

ಆರಾಮಿದ್ದೀನಿ, ಸುಮ್ಮನೆ ಬಂದೆ ಎಂದೆ.

ಅವಳು ಹಣೆಯಿಂದ ಕೈ ತೆಗೆದಳು. ಆಮೇಲೆ, ಸುಮ್ಮನೆ ಬಂದಿದ್ರ ಊಟ ಮಾಡಿ ಆ ಎರಡು ಕಲ್ಲಿನ ಅಂಚು ತಟ್ರಿ, ಮಾವನ ಗಾಡಿ ನಾಳೆ ಹೊಂಡ್ತದ ಎಂದು ಒಳಗೆ ಹೋದಳು.