ಬೇಲಿಯ ಗೌಜಲಹಕ್ಕಿ, ಬಾವಿಯ ಉಡ

ಎಸ್.ಎಸ್. ಬಡಾವಣೆಯ ನನ್ನ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಈಗಲೂ ಒಮ್ಮೊಮ್ಮೆ ಬೆಳಗ್ಗೆ ಗೌಜಲಹಕ್ಕಿ ಕೂಗುತ್ತದೆ. ಆ ದನಿ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿನ ಕಾಫಿ ಆರಿಹೋಗುತ್ತದೆ. ನಾನು ಹರಿಹರದ ಪಕ್ಕದ ಗುತ್ತೂರಿನ ನಮ್ಮ ಹಿತ್ತಿಲಿನಲ್ಲಿ ಎಂಟು ವರ್ಷದ ಹುಡುಗಿಯಾಗಿ ನಿಂತಿರುತ್ತೇನೆ.

ಆ ಹಿತ್ತಿಲಿನ ಕತ್ತಾಳೆ ಬೇಲಿಯ ಬುಡದಲ್ಲಿ ಗೌಜಲಹಕ್ಕಿಯೊಂದು ನೆಲದ ಮೇಲೆಯೇ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಬಾವಿಯ ಕಲ್ಲುಸಂದಿಯಲ್ಲಿ ಎರಡು ಮೊಳ ಉದ್ದದ ಉಡವಿತ್ತು. ಊರವರೆಲ್ಲ ಹೊಗಳುತ್ತಿದ್ದುದು ಉಡದ ಪಟ್ಟನ್ನೇ. ಆ ವರ್ಷ ಕಾರ್ಖಾನೆ ಕಟ್ಟುವವರು ನಮ್ಮ ಮನೆ, ಹಿತ್ತಿಲು ಎರಡನ್ನೂ ಕೇಳಿದಾಗ ಅಪ್ಪನೂ ಅದೇ ಪಟ್ಟು ಹಿಡಿದ. "ನನ್ನ ಹೆಣ ಬಿದ್ರೂ ಗೋಡೆ ಬಿಡಲ್ಲ" ಎಂದು ಕಂಡಕಂಡವರ ಮುಂದೆ ಕೂಗಾಡಿದ. ಮನೆ ಇದ್ದದ್ದು ಅಜ್ಜಿಯ ಹೆಸರಿನಲ್ಲಿ. ಅವಳು ಮಾತ್ರ ತುಟಿ ಬಿಚ್ಚಲಿಲ್ಲ. ಜಾಗ ಅಳೆಯುವ ಹಿಂದಿನ ದಿನ ಗೂಟ ನೆಡಲು ಬಂದ ಆಳುಗಳು ಉಡವನ್ನು ಕಂಡು ಮೂವರು ಸೇರಿ ಬಾಲ ಹಿಡಿದು ಎಳೆದರು. ಎಳೆದಷ್ಟೂ ಅದು ಕಲ್ಲಿಗೆ ಅಂಟಿಕೊಂಡಿತು. ಕೊನೆಗೆ ಕಲ್ಲನ್ನೇ ಮೀಟಿ ತೆಗೆದು, ಹಗ್ಗ ಬಿಗಿದು ಹೊತ್ತೊಯ್ದರು. ಅವರ ಕಾಲುಗಳು ಬೇಲಿಯ ಪಕ್ಕದಲ್ಲೇ ಹತ್ತಾರು ಸಲ ಹಾದುಹೋದವು. ಮಣ್ಣಿನ ಬಣ್ಣದ ಹಕ್ಕಿ ರೆಪ್ಪೆ ಮಿಟುಕಿಸಲಿಲ್ಲ.

"ನೋಡವ್ವ," ಅಂದಳು ಅಜ್ಜಿ, "ಬಿಗಿಯಾಗಿ ಹಿಡ್ಕಂಡಿದ್ದು ಎಲ್ರ ಕಣ್ಣಿಗೂ ಬೀಳ್ತೈತೆ. ಸುಮ್ನೆ ಕುಂತಿದ್ದು ಯಾರಿಗೂ ಕಾಣಲ್ಲ."

ಮರುದಿನ ಕಾರ್ಖಾನೆಯ ಸಾಹೇಬರು ಅಳತೆಯ ಸರಪಳಿ ಹಿಡಿಸಿಕೊಂಡು ಬಂದಾಗ ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು.

"ಏಳ್ರಿ ಅಜ್ಜಿ, ಹೊತ್ತಾತು."

"ಏಳ್ತೀನ್ರಿ. ನನ್ನ ಮಗನಿಗೆ ಫ್ಯಾಕ್ಟರೀಲಿ ಕಾಯಂ ಕೆಲಸ ಅಂತ ಬರ್ಕೊಡ್ರಿ, ಈಗ್ಲೇ ಏಳ್ತೀನಿ."

"ನಿಮ್ಮ ಮಗ ನಮ್ಮನ್ನ ಹೊಡೆಯಾಕೇ ಬಂದಿದ್ನಲ್ಲ?"

"ಅವ್ನು ಬಾಯಿ ಮಾಡ್ತಾನ್ರಿ. ಹೆಬ್ಬೆಟ್ಟು ನಂದು."

ಸಾಹೇಬರು ನಕ್ಕುಬಿಟ್ಟರು. ಸಂಜೆಯೊಳಗೆ ಕಾಗದ ಬಂತು. ಅಪ್ಪ ನಮ್ಮನ್ನೆಲ್ಲ ಸಾಕಿದ್ದು ಆ ಕೆಲಸದಿಂದಲೇ. ಮುಂದೆ ನಾನು ಕೆ.ಬಿ. ಬಡಾವಣೆಯಲ್ಲಿ ಸೀರೆ ಅಂಗಡಿ ಇಟ್ಟು ಗೆದ್ದ ಚೌಕಾಸಿಗಳೆಲ್ಲ ಆ ಹೊಸ್ತಿಲಿನಲ್ಲಿ ಕಲಿತವೇ. ನಿಮಗೂ ಹೇಳುತ್ತೇನೆ: ಬೇಕಾದ್ದನ್ನು ಮೊದಲೇ ಕೂಗಿ ಹೇಳಬೇಡಿ. ಎದುರಿನವನ ಕಾಲು ತೀರ ಹತ್ತಿರ ಬರುವವರೆಗೂ ಕೂತಿರಿ.

ಗಾಡಿಗೆ ಸಾಮಾನು ಹೇರಿದ ದಿನ ನಾನು ಬೇಲಿಯ ಕಡೆ ಓಡಿದೆ. ಕತ್ತಾಳೆ ಕಡಿದಿದ್ದರು. ಹಕ್ಕಿ ಹಾರಿಹೋಗಿತ್ತು. ಆರು ಮೊಟ್ಟೆಗಳೂ ಒಡೆಯದೆ ಅಲ್ಲೇ ಇದ್ದವು; ಮುಟ್ಟಿದರೆ ತಣ್ಣಗಿದ್ದವು. ಅಜ್ಜಿಗೆ ಹೇಳೋಣವೆಂದು ತಿರುಗಿದೆ. ಅವಳು ಗಾಡಿಯಲ್ಲಿ, ಮನೆಗೆ ಬೆನ್ನು ಮಾಡಿ, ರೆಪ್ಪೆ ಮಿಟುಕಿಸದೆ ಕೂತಿದ್ದಳು. ನಾನು ಹೇಳಲಿಲ್ಲ.