ಗೇಬ್ರಿಯಲ್ ಕೇಳಿದ ಸದ್ದು

ಗೇಬ್ರಿಯಲ್ ಲೋಬೊ ಕೂತಲ್ಲಿ ಕೂರುವ ಮನುಷ್ಯನಲ್ಲ. ಊಟಕ್ಕೆ ಕೂತರೂ ಮೇಜಿನಡಿ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಹುಟ್ಟಿದ್ದು ಶಂಕರಪುರದಲ್ಲಿ, ಮಲ್ಲಿಗೆ ಬೆಳೆಯುವವರ ಮನೆಯಲ್ಲಿ. ಹೂ ಕಟ್ಟಲು ಕೂರಿಸಿದರೆ ಮೊಳ ಮುಗಿಯುವುದರೊಳಗೆ ಎದ್ದು, ನೆರೆಮನೆಯ ಪಂಪ್‌ಸೆಟ್ಟು ಯಾಕೆ ಕೆಮ್ಮುತ್ತಿದೆ ಎಂದು ನೋಡಲು ಓಡುತ್ತಿದ್ದನಂತೆ. ಆ ಚಟವೇ ಅವನನ್ನು ಅಬುಧಾಬಿಗೆ ಎಳೆದು ತಂದು ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ನಿಲ್ಲಿಸಿತು. ಲೋಡರು, ಡೋಜರು, ಗ್ರೇಡರು, ಯಾವ ದೇಶದಲ್ಲೋ ದುಡಿದು ಸುಸ್ತಾದ ಭಾರೀ ಯಂತ್ರಗಳು ಅಲ್ಲಿಗೆ ಬರುತ್ತಿದ್ದವು. ಅವುಗಳ ಹೊಟ್ಟೆ ಬಿಚ್ಚಿ, ಸರಿಮಾಡಿ, ಬಣ್ಣ ಹೊಡೆದು ಮತ್ತೊಂದು ದೇಶಕ್ಕೆ ಕಳಿಸುವುದು ಅಲ್ಲಿನ ದಂಧೆ.

ಆ ಬೇಸಿಗೆಯಲ್ಲಿ ಬಂದದ್ದು ಯಾರೂ ಕಂಡಿರದ ಪ್ರಾಣಿ. ಲಾರಿಯಷ್ಟು ದೊಡ್ಡದು, ಮುಂದೆ ಬಾಯಿಯ ಜಾಗದಲ್ಲಿ ಸುರುಳಿ ಸುರುಳಿ ಅಲಗುಗಳ ಉರುಳೆ, ಅದರ ಹಿಂದೆ ಒಂದು ರೆಕ್ಕೆಚಕ್ರ, ಮೇಲೆ ಕೊಕ್ಕರೆಯ ಕತ್ತಿನಂತೆ ಬಾಗಿದ ಕೊಳವೆ. ಉರುಳೆ ಹಿಮವನ್ನು ಕೊರೆದು ಒಳಗೆಳೆಯಬೇಕು, ರೆಕ್ಕೆಚಕ್ರ ಅದನ್ನು ಕೊಳವೆಯಿಂದ ರಸ್ತೆಯಾಚೆ ಎಸೆಯಬೇಕು. ಸ್ನೋ ಬ್ಲೋವರ್. ಕೊಂಡವರು ಕಿರ್ಗಿಸ್ತಾನದ ಬೆಟ್ಟದ ರಸ್ತೆಗಳನ್ನು ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರರು. ಅವರ ಚಾಲಕ ಬಕಿತ್ ಯಂತ್ರವನ್ನು ಒಯ್ಯಲು ತಾನೇ ಬಂದಿದ್ದ. ಹಿಂದೆ ಕೆಲವು ಕಾಲ ದುಬೈಯ ಗೋದಾಮಿನಲ್ಲಿ ದುಡಿದವನಾದ್ದರಿಂದ ಹಿಂದಿ, ಅರಬಿ, ಇಂಗ್ಲಿಷ್ ಕಲಸಿದ ಗಲ್ಫಿನ ಮಾತು ಅವನಿಗೆ ಬರುತ್ತಿತ್ತು.

"ಗೇಬ್ರಿಯಲ್ ಭಾಯ್, ನೀನು ಹಿಮ ನೋಡಿದ್ದೀಯಾ?" ಎಂದು ಕೇಳಿದ.

"ಫ್ರೀಜರಿನಲ್ಲಿ."

ಬಕಿತ್ ಬಿದ್ದು ಬಿದ್ದು ನಕ್ಕ. ಗೇಬ್ರಿಯಲ್‌ಗೆ ನಗು ಬರಲಿಲ್ಲ. ಎಂಜಿನ್ ಸರಿಯಾಗಿತ್ತು, ಗೇರು ಸರಿಯಾಗಿತ್ತು. ಆದರೆ ಹೊಟ್ಟೆಗೆ ಏನೂ ಹಾಕದೆ ಯಂತ್ರದ ಹಲ್ಲು ಪರೀಕ್ಷಿಸುವುದು ಹೇಗೆ? ಮರಳು ಕೊಟ್ಟರೆ ಅಲಗೆಲ್ಲ ಸವೆದು ಹೋಗುತ್ತದೆ. ಇದೇ ಯೋಚನೆಯಲ್ಲಿ ಅವನು ಯಾರ್ಡಿನಲ್ಲಿ ಶತಪಥ ಹಾಕುವುದನ್ನು ನೋಡಲಾಗದೆ ಸೂಪರ್‌ವೈಸರ್ ಲತೇಶ್ ಒಂದು ಉಪಾಯ ಹೇಳಿದ. ಲತೇಶ್ ಕಾರ್ಕಳದವನು, ವಯಸ್ಸಿನಲ್ಲಿ ಚಿಕ್ಕವನು; ಊರಿನಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವಂತೆ ಗೇಬ್ರಿಯಲ್‌ನನ್ನು ಪೊರ್ಬುಗಳೇ ಎನ್ನುತ್ತಿದ್ದ.

"ಪೊರ್ಬುಗಳೇ, ಮೀನಿನವರಿಗೆ ಐಸ್ ಕೊಡುವ ಫ್ಯಾಕ್ಟರಿ ಇಲ್ಲೇ ಹತ್ತಿರ ಉಂಟಲ್ಲ. ಪುಡಿ ಐಸ್ ತರಿಸುವ. ಒಂದು ಲಾರಿ ಸಾಕಾ?"

ಬೆಳಗಿನ ಬಿಸಿಲು ಇನ್ನೂ ಕಣ್ಣು ತೆರೆಯುತ್ತಿದ್ದಾಗ ಐಸಿನ ಲಾರಿ ಬಂತು. ಯಾರ್ಡಿನಲ್ಲಿ ಬಿಳಿ ದಿಬ್ಬ ಎದ್ದು, ಅದರ ಬುಡದಿಂದ ಆಗಲೇ ನೀರು ಹರಿಯತೊಡಗಿತು. ಬಕಿತ್ ಕ್ಯಾಬಿನ್ ಏರಿದ. ಯಂತ್ರ ಗುಡುಗಿ ದಿಬ್ಬಕ್ಕೆ ಬಾಯಿ ಹಾಕಿತು. ಮರುಕ್ಷಣವೇ ಕೊಳವೆಯಿಂದ ಐಸಿನ ಕಾರಂಜಿ ಚಿಮ್ಮಿ ಯಾರ್ಡಿನ ಗೋಡೆಗೆ ಅಪ್ಪಳಿಸಿತು. ಅಕ್ಕಪಕ್ಕದ ಶೆಡ್ಡುಗಳ ಕೆಲಸಗಾರರೆಲ್ಲ ಓಡಿಬಂದು ಅದರಡಿ ನಿಂತು ಕುಣಿದರು. ಪಠಾಣರು, ಬಿಹಾರಿಗಳು, ಮಲಯಾಳಿಗಳು, ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ತಲೆಯ ಮೇಲೂ ಐಸು.

ದಿಬ್ಬ ಮುಗಿದು ಬಕಿತ್ ವೇಗ ಇಳಿಸಿದ. ಆಗ ಗೇಬ್ರಿಯಲ್‌ಗೆ ಒಂದು ಸದ್ದು ಕೇಳಿಸಿತು. ಟಕ್. ರೆಕ್ಕೆಚಕ್ರದ ಕಡೆಯಿಂದ, ಭಾರ ಇಳಿಯುವ ಹೊತ್ತಿಗೆ, ಹಲ್ಲಿ ಲೊಚಗುಟ್ಟಿದಷ್ಟು ಸಣ್ಣಗೆ.

ಅವನು ಕೈ ಎತ್ತಿ ಯಂತ್ರ ನಿಲ್ಲಿಸಿದ. ಮುಚ್ಚಳ ತೆಗೆದು ಟಾರ್ಚು ಹಾಕಿ ನೋಡಿದರೆ ರೆಕ್ಕೆಚಕ್ರ ತಿರುಗುವ ಬೇರಿಂಗು ಹೊರಗಿನಿಂದ ಚೊಕ್ಕಟವಾಗಿಯೇ ಇತ್ತು. ಒಳಗೇನಿದೆ ಎಂದು ತಿಳಿಯಬೇಕಾದರೆ ಪೂರಾ ಕಳಚಬೇಕು. ಟ್ರೈಲರ್ ಗೇಟಿನಲ್ಲಿ ನಿಂತಿತ್ತು, ಹಡಗಿನಲ್ಲಿ ಜಾಗ ಗೊತ್ತುಮಾಡಿ ಆಗಿತ್ತು.

"ನಿನಗೆ ಕೇಳಿತಾ ಲತೇಶ್?"

"ಎಂಥ ಸದ್ದು? ಐಸ್ ಗಟ್ಟಿ ಸಿಕ್ಕಿರಬೇಕು. ಖಲಾಸ್ ಪೊರ್ಬುಗಳೇ, ಹೋಗಲಿ ಅದು."

ಯಂತ್ರ ಹೋಯಿತು. ಜೊತೆಗೆ ಗೇಬ್ರಿಯಲ್‌ನ ನಿದ್ದೆಯೂ ಹೋಯಿತು.

ಆ ದಿನ ಯಾರೋ ತೆಗೆದ ವಿಡಿಯೊ ಅವನ ಮೊಬೈಲಿನಲ್ಲಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾತ್‌ರೂಮಿನಲ್ಲಿ ಅದನ್ನು ಕಿವಿಗಿಟ್ಟು ಕೇಳುತ್ತಿದ್ದ. ಜನರ ಕೇಕೆಯ ನಡುವೆ ಟಕ್ ಇದೆಯೋ ಇಲ್ಲವೋ ಎಂದು ಒಮ್ಮೊಮ್ಮೆ ಅವನಿಗೇ ಅನುಮಾನ. ಇಗರ್ಜಿಯಲ್ಲಿ ಪಾದ್ರಿಗಳು ಪ್ರಸಂಗ ಹೇಳುತ್ತಿದ್ದರೆ ಇವನ ಕಿವಿ ಏಸಿಯ ಗುಂಯ್‌ಗುಟ್ಟುವಿಕೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಹೆಂಡತಿ ಎಲ್ಸಿ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ರೋಗಿಗಳ ಗೋಳು ಕೇಳಿ ಬಂದವಳಿಗೆ ಮನೆಯಲ್ಲಿ ಇದೊಂದು.

"ನೀವು ಒಮ್ಮೆ ಕೂತ್ಕೊಳ್ಳಿ ಮಾರಾಯ್ರೆ. ಕಾರ್ಪೆಟ್ ಹರಿದು ಹೋಗ್ತದೆ."

"ಅದು ನಿಂತರೆ ಎಲ್ಸಿ? ನಡು ಬೆಟ್ಟದಲ್ಲಿ ನಿಂತರೆ?"

"ನಿಂತರೆ ಅಲ್ಲಿನವರು ಸರಿಮಾಡ್ತಾರೆ. ಅಲ್ಲಿ ಮೆಕ್ಯಾನಿಕ್ ಇಲ್ವಾ?"

ಗೇಬ್ರಿಯಲ್ ಮತ್ತೆ ಮತ್ತೆ ಬಕಿತ್‌ಗೆ ಫೋನು ಮಾಡುತ್ತಿದ್ದ. "ಸದ್ದು ಉಂಟಾ?" ಎಂದು ಇವನು ಕೇಳಿದರೆ, "ಸದ್ದು ಮಾಫಿ ಭಾಯ್, ಹಿಮವೂ ಮಾಫಿ!" ಎಂದು ಗಲ್ಫಿನ ಮಾತಿನಲ್ಲಿ ಎರಡನ್ನೂ ಇಲ್ಲವಾಗಿಸಿ ಅವನು ನಗುತ್ತಿದ್ದ. ಆ ವರ್ಷ ಅಲ್ಲಿ ಹಿಮ ತಡವಾಗಿತ್ತು. ಜನ್ಮದಲ್ಲಿ ಕಾಣದ ಬೆಟ್ಟಕ್ಕೆ ಹಿಮ ಬೀಳಲಿ ಎಂದು ಬಯಸಬೇಕೋ, ಬೀಳದಿರಲಿ ಎಂದು ಬೇಡಬೇಕೋ ತಿಳಿಯದೆ ಗೇಬ್ರಿಯಲ್ ದಿನವೂ ಮೊಬೈಲಿನಲ್ಲಿ ಕಿರ್ಗಿಸ್ತಾನದ ಹವಾಮಾನ ನೋಡುತ್ತಿದ್ದ.

ಕ್ರಿಸ್‌ಮಸ್ ಕಳೆದ ಮೇಲೆ ಬಿತ್ತು ನೋಡಿ, ಸುರಿದೇ ಸುರಿಯಿತು. ಬಕಿತ್‌ನ ಫೋನು ಸತ್ತಂತಾಯಿತು. ರಿಂಗೂ ಇಲ್ಲ, ಉತ್ತರವೂ ಇಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಬಂದು ಎಲ್ಸಿ ಸನ್ನ, ಕೋಳಿಸಾರು ಬಡಿಸುತ್ತಿದ್ದಾಗ ವಿಡಿಯೊ ಕಾಲ್ ಬಂತು. ಪರದೆಯ ತುಂಬ ಬಿಳುಪು. ಅದರ ನಡುವೆ ಬಕಿತ್‌ನ ಕೆಂಪು ಮುಖ, ಮೀಸೆಯ ಮೇಲೆ ಹರಳುಗಟ್ಟಿದ ಮಂಜು.

"ಭಾಯ್, ನಿಂತಿತು! ಆ ಕಡೆ ಬಸ್ಸು ಸಿಕ್ಕಿಕೊಂಡಿದೆ. ಜನ ಇದ್ದಾರೆ, ಮಕ್ಕಳಿದ್ದಾರೆ."

ಫೋನು ತಿರುಗಿತು. ಯಂತ್ರಕ್ಕಿಂತ ಎತ್ತರದ ಹಿಮದ ಗೋಡೆ, ಅದಕ್ಕೆ ಬಾಯಿ ಸಿಕ್ಕಿಸಿಕೊಂಡು ನಿಂತ ಯಂತ್ರ. ಒಬ್ಬ ಆಳು ಉರುಳೆಯೊಳಗೆ ಕೈ ಹಾಕಿ ಏನನ್ನೋ ಎಳೆಯುತ್ತಿದ್ದ. ಹಿಂದಿನಿಂದ ಎಂಜಿನ್ನಿನ ಸದ್ದು ಬರುತ್ತಿತ್ತು.

ಗೇಬ್ರಿಯಲ್ ಕುರ್ಚಿ ಬೀಳುವಂತೆ ಎದ್ದ. "ಎಂಜಿನ್ ಬಂದ್ ಮಾಡು! ಮೊದಲು ಬಂದ್! ಅವನ ಕೈ ಹೋಗ್ತದೆ!"

ಆ ಕೂಗಿಗೆ ಎಲ್ಸಿಯ ಕೈಯ ಸೌಟು ಕೆಳಗೆ ಬಿತ್ತು. ಅಲ್ಲಿ ಎಂಜಿನ್ ನಿಂತಿತು. ಆಳು ಕೈ ಹಿಂದೆಗೆದ. ಹಿಮದಡಿ ಹೂತಿದ್ದ ರಸ್ತೆ ಫಲಕದ ಕಬ್ಬಿಣದ ಕಂಬವೊಂದು ಉರುಳೆಗೆ ಸುತ್ತಿಕೊಂಡಿತ್ತು. ಹೀಗಾದಾಗ ಮುರಿಯಲೆಂದೇ ಇಟ್ಟ ಮೆದು ಬೋಲ್ಟುಗಳು ಮುರಿದು ಗೇರನ್ನು ಕಾಪಾಡಿದ್ದವು. ಸರಪಳಿ ಕಟ್ಟಿ, ಜೊತೆಗಿದ್ದ ಲೋಡರಿನಿಂದ ಕಂಬವನ್ನು ಎಳೆದರು. ಪದೇ ಪದೇ ಮುರಿಯುವುದು ಬೇಡವೆಂದು ಗಟ್ಟಿ ಬೋಲ್ಟು ಹಾಕಲೇ ಎಂದು ಬಕಿತ್ ಕೇಳಿದ್ದಕ್ಕೆ ಗೇಬ್ರಿಯಲ್ ಸುತಾರಾಂ ಒಪ್ಪಲಿಲ್ಲ.

"ಮೆದುವೇ ಹಾಕು. ಈಗ ರೆಕ್ಕೆಚಕ್ರ ಕೈಯಲ್ಲಿ ತಿರುಗಿಸು. ಫೋನು ಹತ್ತಿರ ಹಿಡಿ."

ಟಕ್.

ಅದೇ ಸದ್ದು, ಈಗ ಹಲ್ಲಿಯದಲ್ಲ, ಸುತ್ತಿಗೆಯದು. ಬಕಿತ್‌ಗೂ ಕೇಳಿತು. ಅವನ ಮುಖ ಇಳಿಯಿತು.

"ಓಡಿಸಲಾ ಭಾಯ್? ಬೇಡವಾ? ನೀನು ಹೇಳು."

ಓಡಿಸು ಎಂದರೆ ಬೇರಿಂಗು ಒಡೆದು ಚಕ್ರವೇ ಕಿತ್ತು ಹಾರೀತು. ಬೇಡ ಎಂದರೆ ಆಚೆ ಬಸ್ಸಿನಲ್ಲಿ ಮಕ್ಕಳು ಹೆಪ್ಪುಗಟ್ಟಿಯಾರು. ಮುಸಫ್ಫಾದ ಬಾಡಿಗೆ ಮನೆಯಲ್ಲಿ, ಸಾರಿನ ಪರಿಮಳದ ನಡುವೆ ನಿಂತು ಅವನು ಇದನ್ನು ತೀರ್ಮಾನಿಸಬೇಕಿತ್ತು. ಎಲ್ಸಿಯ ಮುಖ ನೋಡಿದ. ಅವಳು ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರ ಬೆನ್ನು ಹಿಡಿದು ನಿಂತಳು.

"ಓಡಿಸು," ಎಂದ. "ಆದರೆ ಬಾಯಿ ತುಂಬ ಕೊಡಬೇಡ. ಅರ್ಧ ತುತ್ತು, ನಿಧಾನ. ಬದಿಯಲ್ಲಿ ಯಾರೂ ನಿಲ್ಲಬಾರದು. ನಡುನಡುವೆ ಎಂಜಿನ್ ನಿಲ್ಲಿಸಿ ಇಳಿದು ಬೇರಿಂಗಿನ ಮೇಲೆ ಒಂದು ಹಿಡಿ ಹಿಮ ಇಟ್ಟು ನೋಡು. ಸುಮ್ಮನೆ ಕರಗಿದರೆ ಹೋಗು. ಹಬೆ ಎದ್ದರೆ ಅಲ್ಲಿಗೇ ಬಿಡು. ಒಂದು ಅಡಿ ಕೂಡ ಮುಂದೆ ಹೋಗಬೇಡ. ಗೊತ್ತಾಯ್ತಾ?"

ಬಕಿತ್ ತಲೆಯಾಡಿಸಿದ. ಚಳಿಗೆ ಬ್ಯಾಟರಿ ಕುಸಿದು ಪರದೆ ಕಪ್ಪಾಯಿತು.

ಆಮೇಲಿನ ಹೊತ್ತು ಹೇಗೆ ಹೋಯಿತೆಂದು ಗೇಬ್ರಿಯಲ್‌ಗೆ ಸರಿಯಾಗಿ ನೆನಪಿಲ್ಲ. ಊಟ ಆರಿತು. ಅವನು ಕೆಳಗಿಳಿದು ಪಾರ್ಕಿಂಗಿನಲ್ಲಿ ನಡೆದ, ಕಟ್ಟಡಕ್ಕೆ ಸುತ್ತು ಹಾಕಿದ, ಮೇಲೆ ಬಂದ, ಮತ್ತೆ ಇಳಿದ. ಎಲ್ಸಿಯೂ ಚಪ್ಪಲಿ ಮೆಟ್ಟಿ ಜೊತೆಗೆ ಬಂದಳು. ಈ ಸಲ ಕೂತುಕೊಳ್ಳಿ ಎನ್ನಲಿಲ್ಲ. ಅವಳ ಕೈಯಲ್ಲಿ ಜಪಮಾಲೆ ಇತ್ತು.

ಹೊತ್ತು ಇಳಿದ ಮೇಲೆ ಬಕಿತ್‌ನ ಧ್ವನಿ ಸಂದೇಶ ಬಂತು. ಗಾಳಿ, ಜನರ ಗದ್ದಲ. "ಭಾಯ್, ರಸ್ತೆ ತೆರೆಯಿತು. ಕೊನೆಯ ತಿರುವಿನಲ್ಲಿ ಹಬೆ ಎದ್ದಿತು. ನೀನು ಹೇಳಿದ ಹಾಗೆ ಬಿಟ್ಟೆ. ಉಳಿದದ್ದನ್ನು ಬಸ್ಸಿನವರು ಆ ಕಡೆಯಿಂದ, ನಾವು ಈ ಕಡೆಯಿಂದ ಸಲಿಕೆ ಹಿಡಿದು ತೋಡಿದೆವು. ಮಕ್ಕಳು ಚಹಾ ಕುಡಿಯುತ್ತಿದ್ದಾರೆ."

ಎಲ್ಸಿ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಗೇಬ್ರಿಯಲ್ ಸಂದೇಶವನ್ನು ಇನ್ನೊಮ್ಮೆ ಹಾಕಿ ಕೇಳಿದ.

ಮರುದಿನ ವರ್ಕ್‌ಶಾಪಿನಲ್ಲಿ ನಡೆದದ್ದನ್ನೆಲ್ಲ ಹೇಳಿದಾಗ ಲತೇಶ್ ಅವನನ್ನು ಶೆಡ್ಡಿನ ಮೂಲೆಗೆ ಕರೆದೊಯ್ದ.

"ಆ ದಿನ ನನಗೂ ಕೇಳಿತ್ತು ಪೊರ್ಬುಗಳೇ. ಟ್ರೈಲರ್ ನಿಂತಿತ್ತಲ್ಲ, ಕೇಳದ ಹಾಗೆ ಮಾಡಿದೆ."

ಗೇಬ್ರಿಯಲ್‌ಗೆ ಮೈ ಉರಿಯಿತು. ಇಷ್ಟು ತಿಂಗಳು ತನ್ನ ಕಿವಿಗೇ ಹುಚ್ಚು ಹಿಡಿದಿದೆ ಎಂದು ಅವನು ಅಂಜಿದ್ದ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದು ಹೊರಗೆ ಹೋದ. ಹೋಗಿ, ತಿರುಗಿ ಬಂದ.

"ಹೊಸ ಬೇರಿಂಗ್ ತರಿಸು. ಕೊರಿಯರ್ ಬೇಡ. ನಾನೇ ತಕ್ಕೊಂಡು ಹೋಗ್ತೇನೆ. ಟಿಕೆಟ್ ಮಾಡಿಸು."

"ನೀವಾ? ಆ ಚಳಿಗೆ?"

"ಹೌದು, ನಾನೇ."

ಎಲ್ಸಿ ದುಬೈಯ ಕರಾಮ ಪೇಟೆಗೆ ಹೋಗಿ ದಪ್ಪ ಜಾಕೆಟ್ಟು ಹುಡುಕಿ ತಂದಳು. ಅದರ ತೋಳು ಉದ್ದ, ಹೊಟ್ಟೆ ಬಿಗಿ. ಹಾಗೆಯೇ ಹೋದ. ವಿಮಾನ ಇಳಿದು, ಜೀಪು ಹತ್ತಿ, ಬಕಿತ್ ದುಡಿಯುವ ಬೆಟ್ಟ ಮುಟ್ಟಿದಾಗ ಹಿಮ ನೋಡಲು ಕೂಡ ಪುರುಸೊತ್ತು ಮಾಡಿಕೊಳ್ಳಲಿಲ್ಲ. ಯಂತ್ರ ಕಳಚಿದರೆ ಬೇರಿಂಗಿನ ಒಳಬಳೆ ಉದ್ದಕ್ಕೆ ಸೀಳಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿ, ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟ. ಹೊಸದನ್ನು ಕೂರಿಸಿದ ಮೇಲೆ ಬಕಿತ್ ಯಂತ್ರವನ್ನು ಹಿಮಕ್ಕೆ ಒಡ್ಡಿದ. ಬಿಳಿಯ ಕಮಾನು ಎದ್ದು ಕಣಿವೆಗೆ ಬಿತ್ತು. ವೇಗ ಇಳಿಯಿತು. ಗೇಬ್ರಿಯಲ್ ಕಿವಿಯ ಮೇಲಿನ ಟೊಪ್ಪಿ ಸರಿಸಿ ಕೇಳಿದ. ಏನೂ ಇಲ್ಲ.

ಬಕಿತ್ ಇಳಿದು ಬಂದು ಅವನನ್ನು ಅಪ್ಪಿಕೊಂಡ. "ಬಾ ಭಾಯ್, ಮನೆಗೆ. ಅಮ್ಮ ಅಡುಗೆ ಮಾಡಿ ಕಾಯುತ್ತಿದ್ದಾಳೆ. ಇನ್ನು ಕೂತು ಉಣ್ಣು."

"ಬಂದೆ, ಬಂದೆ," ಎಂದ ಗೇಬ್ರಿಯಲ್. ಆದರೆ ಅವನ ಕಣ್ಣು ಆಗಲೇ ರಸ್ತೆಯ ಬದಿಯಲ್ಲಿ ಗೊರಗೊರ ಎನ್ನುತ್ತ ನಿಂತಿದ್ದ ಹಳೆಯ ಲೋಡರಿನ ಮೇಲಿತ್ತು. "ಅದು ಯಾಕೆ ಹಾಗೆ ಉಸಿರು ಎಳೀತಾ ಉಂಟು? ಒಮ್ಮೆ ಬಾನೆಟ್ ಎತ್ತು ನೋಡುವ."